ಫ್ರೋಜನ್ ಪ್ಯಾಕೆಟ್ಟೋ, ಹಾಸನದ ಗಡ್ಡೆಯೋ, ಅತ್ತೆಯ ಸಂಡಿಗೆಯೋ?

ಸೆಪ್ಟೆಂಬರ್ ತಿಂಗಳ ಒಂದು ಸಂಜೆ. ಹೊರಗೆ ಮಳೆ, ಮಗಳಿಗೆ ಫ್ರೆಂಚ್ ಫ್ರೈಸ್ ಬೇಕು. ನಾನು ಫ್ರೀಜರಿನಿಂದ ಪ್ಯಾಕೆಟ್ ತೆಗೆದೆ. ಹಾಸನದ ಕಡೆಯಿಂದ ಹಿಂದಿನ ದಿನವಷ್ಟೇ ಬಂದಿದ್ದ ಅತ್ತೆ ನೋಡಿದರು. "ಚೀಲದ ತುಂಬ ಆಲೂಗೆಡ್ಡೆ ತಂದು ಹಾಕಿದೀನಿ. ನೀನು ನೋಡಿದ್ರೆ ಮಂಜುಗಡ್ಡೆ ಕರೀತೀನಿ ಅಂತೀಯಲ್ಲಮ್ಮ" ಅಂದರು. ನನಗೂ ಹಠ ಬಂತು. ಎಲ್ಲವನ್ನೂ ಕರಿದು, ಪಕ್ಕಪಕ್ಕ ಇಟ್ಟು, ತಿಂದೇ ನೋಡೋಣ ಅಂದೆ. ಎರಡು ಶನಿವಾರ ಅದರಲ್ಲೇ ಹೋಯಿತು. ಎಣ್ಣೆ ಎಷ್ಟು ಹೋಯಿತು ಅಂತ ಕೇಳಬೇಡಿ.

ಒಂದೇ ಬಾಣಲೆ, ಒಂದೇ ಸೂರ್ಯಕಾಂತಿ ಎಣ್ಣೆ, ಮೇಲೆ ಬರೀ ಉಪ್ಪು. ಪೆರಿಪೆರಿ ಪುಡಿ ನಿಷೇಧ, ಅದನ್ನು ಹಾಕಿದರೆ ರಟ್ಟಿನ ಚೂರೂ ರುಚಿಯಾಗುತ್ತದೆ. ತಟ್ಟೆಗೆ ಬಿದ್ದ ಕೂಡಲೇ ಒಂದು ಸಲ ತಿನ್ನಬೇಕು, ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ. ನನಗೆ ಈ ಎರಡನೇ ಸಲದ್ದೇ ಮುಖ್ಯ. ಎಣ್ಣೆಯಿಂದ ಆಗಷ್ಟೇ ಎತ್ತಿದ್ದು ಯಾವುದು ತಾನೆ ಚೆನ್ನಾಗಿರಲ್ಲ? ಸಾಸ್ ಬಾಟಲಿ ಹುಡುಕಿ, ಎಲ್ಲರನ್ನೂ ಕರೆದು ಕೂರಿಸುವಷ್ಟರಲ್ಲಿ ಹತ್ತು ನಿಮಿಷ ಆಗಿಯೇ ಇರುತ್ತದೆ.

ಮೊದಲು ಫ್ರೋಜನ್ ತೆಳು ಕಡ್ಡಿ. ಮೊದಲ ಸಲ ಅರ್ಧ ಪ್ಯಾಕೆಟ್ ಒಟ್ಟಿಗೆ ಸುರಿದು ತಪ್ಪು ಮಾಡಿದೆ. ಎಣ್ಣೆ ಬುಸ್ಸೆಂದು ನೊರೆ ಎದ್ದು ಬಾಣಲೆಯ ಅಂಚಿನ ತನಕ ಬಂತು. ಆಮೇಲೆ ಪೂರ್ತಿ ತಣ್ಣಗಾಗಿ ಸುಮ್ಮನಾಯಿತು. ಕಡ್ಡಿಗಳು ಅದರಲ್ಲಿ ಸ್ನಾನ ಮಾಡಿದ ಹಾಗೆ ಎಣ್ಣೆ ಕುಡಿದು ಎದ್ದವು. ಎರಡನೇ ಸಲ ಒಂದೊಂದೇ ಹಿಡಿ ಹಾಕಿದೆ. ಕರಗಿಸಲಿಲ್ಲ, ಫ್ರೀಜರಿನಿಂದ ನೇರ ಎಣ್ಣೆಗೆ. ಮೂರು ನಿಮಿಷಕ್ಕೆ ಹೊಂಬಣ್ಣ ಬಂತು. ಜಾಲರಿ ಸೌಟಿನಲ್ಲಿ ಅಲ್ಲಾಡಿಸಿದರೆ ಒಣ ಸೌದೆಯ ಹಾಗೆ ಸದ್ದು. ಹತ್ತು ನಿಮಿಷದ ಮೇಲೂ ತುದಿಗಳು ಗರಿಗರಿಯಾಗಿಯೇ ಇದ್ದವು.

ದಪ್ಪ ಕಡ್ಡಿಯದು ಬೇರೆಯೇ ಕಥೆ. ಬಿಸಿಯಲ್ಲಿ ತಿಂದರೆ ಇದೇ ಚೆನ್ನ, ಒಳಗೆ ಬೇಯಿಸಿದ ಆಲೂಗಡ್ಡೆಯ ಮೆತುವು ಇರುತ್ತದೆ. ಹತ್ತು ನಿಮಿಷ ಕಳೆಯಲಿ, ಒಳಗಿನ ಹಬೆಯೇ ಹೊರಗಿನ ಗರಿಯನ್ನು ತಿಂದುಹಾಕುತ್ತದೆ. ತಲೆ ಬಾಗಿಸಿ ನೇತಾಡುವ ಫ್ರೈಸ್ ನೋಡಿದ್ದೀರಲ್ವಾ? ಅದೇ. ನನ್ನ ಮತ ತೆಳುವಿಗೆ, ಮನೆಯವರದು ದಪ್ಪಕ್ಕೆ.

ಏರ್ ಫ್ರೈಯರಿನಲ್ಲೂ ಎರಡನ್ನೂ ಇಟ್ಟೆ. 200 ಡಿಗ್ರಿ, ಹದಿನೈದು ನಿಮಿಷ, ಮಧ್ಯೆ ಒಮ್ಮೆ ಕುಲುಕಿದ್ದು. ತೆಳುವು ಪಾಸಾಯಿತು, ದಪ್ಪ ಇನ್ನೂ ಚೆನ್ನಾಗಿ ಬಂತು. ಇದರ ಗುಟ್ಟು ಕಾರ್ಖಾನೆಯಲ್ಲಿದೆ. ಅಲ್ಲಿ ಕಡ್ಡಿಗಳನ್ನು ಬಿಸಿನೀರಿನಲ್ಲಿ ಅರೆ ಬೇಯಿಸಿ, ಒಣಗಿಸಿ, ಎಣ್ಣೆಯಲ್ಲಿ ಅರ್ಧ ಕರಿದ ಮೇಲೇ ಮೈನಸ್ 18 ಡಿಗ್ರಿಗೆ ಇಳಿಸುವುದು. ಅಂದರೆ ಎಣ್ಣೆ ಆಗಲೇ ಮೈಗೆ ಹತ್ತಿರುತ್ತದೆ. ಹಸಿ ಆಲೂಗಡ್ಡೆ ಹೆಚ್ಚಿ ಅದೇ ಏರ್ ಫ್ರೈಯರಿಗೆ ಹಾಕಿ ನೋಡಿ, ಚಪ್ಪಲಿಯ ಬಾರು ಸಿಗುತ್ತದೆ.

ಪ್ಯಾಕೆಟ್ ಕೊಳ್ಳುವಾಗ ನಾನೀಗ ಬ್ರ್ಯಾಂಡಿಗಿಂತ ಮೊದಲು ಸದ್ದು ನೋಡುತ್ತೇನೆ. ಕೈಯಲ್ಲಿ ಹಿಡಿದು ಕುಲುಕಿದರೆ ಕಡ್ಡಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಬೇಕು. ಹಿಂದೊಮ್ಮೆ ಆನ್‌ಲೈನಿನಲ್ಲಿ ತರಿಸಿದ ಪ್ಯಾಕೆಟ್ ಇಟ್ಟಿಗೆಯ ಹಾಗೆ ಬಂದಿತ್ತು. ಎಲ್ಲೋ ದಾರಿಯಲ್ಲಿ ಕರಗಿ, ಮತ್ತೆ ಗಟ್ಟಿಯಾಗಿತ್ತು. ಬಿಡಿಸಲು ಹೋದರೆ ಮುರಿಯಿತು, ಕರಿದರೆ ಮೆತ್ತಗಾಯಿತು. ಅದನ್ನು ಸಾಗುವಿಗೆ ಹಾಕಿ ಮುಗಿಸಿದೆ.

ಇನ್ನು ಅತ್ತೆಯ ಆಲೂಗಡ್ಡೆ. ಸಿಪ್ಪೆ ತೆಗೆದು, ಹೆಚ್ಚಿ, ತೊಳೆದು, ಒರೆಸಿ, ಸೀದಾ ಎಣ್ಣೆಗೆ ಹಾಕಿದೆ. ಬಣ್ಣ ಬಂತು, ಗರಿ ಬರಲಿಲ್ಲ. ತಟ್ಟೆಗೆ ಹಾಕಿ ಎರಡೇ ನಿಮಿಷಕ್ಕೆ ಮೆತ್ತಗೆ. ಅತ್ತೆ ಏನೂ ಹೇಳಲಿಲ್ಲ, ಉರಿ ಕಮ್ಮಿಯಾಯಿತೇನೋ ಅನ್ನುವ ಹಾಗೆ ಸ್ಟೌ ಕಡೆ ನೋಡಿದರು.

ಉರಿಯ ತಪ್ಪಲ್ಲ, ಗಡ್ಡೆಯ ತಪ್ಪೂ ಅಲ್ಲ. ಹಾಸನದಲ್ಲಿ ಹೆಚ್ಚಾಗಿ ಬೆಳೆಯುವುದು ಕುಫ್ರಿ ಜ್ಯೋತಿ, 1968ರಲ್ಲಿ ಬಂದ ತಳಿ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ಮಳೆಗಾಲದಲ್ಲಿ ಬೆಳೆದ ಹೊಸ ಗಡ್ಡೆಯಲ್ಲಿ ನೀರು ಜಾಸ್ತಿ. ಆ ನೀರೆಲ್ಲ ಹಬೆಯಾಗಿ ಹೊರಗೆ ಬರುತ್ತಾ ಇದ್ದರೆ ಗರಿ ನಿಲ್ಲುವುದೆಲ್ಲಿ? ಫ್ರೈಸಿಗೆ ಬೇಕಾದ್ದು ನೀರು ಕಮ್ಮಿ, ಹಿಟ್ಟು ಜಾಸ್ತಿ ಇರುವ ಉದ್ದನೆಯ ಗಡ್ಡೆ. ಅದಕ್ಕೆಂದೇ ಕುಫ್ರಿ ಫ್ರೈಸೋನಾ ಅನ್ನುವ ತಳಿ ಇದೆ, ಚಿಪ್ಸಿಗೆ ಕುಫ್ರಿ ಚಿಪ್ಸೋನಾ. ಹೆಸರು ಕೇಳಿ ಮಗಳು ನಕ್ಕಿದ್ದೇ ನಕ್ಕಿದ್ದು. ಕಾರ್ಖಾನೆಗೆ ಬೇಕಾದ ಇಂಥ ಗಡ್ಡೆಯನ್ನು ಗುಜರಾತಿನ ರೈತರು ಒಪ್ಪಂದದ ಮೇಲೆ ಬೆಳೆದು ಕೊಡುತ್ತಾರೆ. 1957ರಲ್ಲಿ ಕೆನಡಾದಲ್ಲಿ ಶುರುವಾದ ಮೆಕೇನ್ ಕಂಪನಿಯ ಕಾರ್ಖಾನೆ ಇರುವುದೂ ಅಲ್ಲೇ, ಮೆಹ್ಸಾಣದಲ್ಲಿ.

ಆದರೂ ಬಿಡಲಿಲ್ಲ. ಮುಂದಿನ ಶನಿವಾರ ಕಾರ್ಖಾನೆಯ ದಾರಿಯನ್ನೇ ಹಿಡಿದೆ. ಹೆಚ್ಚಿದ ಕಡ್ಡಿಗಳನ್ನು ಎರಡು ನೀರಿನಲ್ಲಿ ತೊಳೆದು, ಉಪ್ಪು ಮತ್ತು ಒಂದು ಚಮಚ ವಿನೆಗರ್ ಹಾಕಿದ ನೀರಿನಲ್ಲಿ ಐದಾರು ನಿಮಿಷ ಕುದಿಸಿದೆ. ವಿನೆಗರ್ ಇದ್ದರೆ ಬೆಂದರೂ ಕಡ್ಡಿ ಒಡೆಯುವುದಿಲ್ಲ. ಬಟ್ಟೆಯ ಮೇಲೆ ಹರವಿ ಆರಿಸಿ, ಸಣ್ಣ ಉರಿಯಲ್ಲಿ ಬಣ್ಣ ಬರುವ ಮೊದಲೇ ಕರಿದು ತೆಗೆದೆ. ತಣಿದ ಮೇಲೆ ಫ್ರೀಜರಿನಲ್ಲಿ ಒಂದು ಗಂಟೆ ಇಟ್ಟು, ಆಮೇಲೆ ಜೋರು ಉರಿಯಲ್ಲಿ ಮತ್ತೆ ಕರಿದೆ. ಈ ಸಲ ಗರಿ ಬಂತು! ಪ್ಯಾಕೆಟ್ಟಿನಷ್ಟಿಲ್ಲ, ಆದರೆ ಎಂಟು ನಿಮಿಷ ತಡೆಯಿತು. ರುಚಿಯಲ್ಲಂತೂ ಪ್ಯಾಕೆಟ್ಟಿಗಿಂತ ಮೇಲು, ಮಣ್ಣಿನ ವಾಸನೆಯ ಒಂದು ಸಿಹಿ ಇತ್ತು. ಹಿಡಿದ ಹೊತ್ತು ಎರಡೂವರೆ ಗಂಟೆ. ತಿಂದು ಮುಗಿಸಿದ್ದು ಆರು ನಿಮಿಷದಲ್ಲಿ.

ಒಂದು ಮಾತು ಮಧ್ಯೆ ಹೇಳಿಬಿಡುತ್ತೇನೆ. ಹೋಲಿಸಿ ನೋಡೋಣ ಅಂತ ಬೀದಿ ತುದಿಯ ಅಂಗಡಿಯಿಂದ ಒಂದು ಕೆಜಿ ತಂದಿದ್ದೆ. ಎಣ್ಣೆಗೆ ಹಾಕಿದ ಒಂದೇ ನಿಮಿಷಕ್ಕೆ ಕಾಫಿ ಬಣ್ಣಕ್ಕೆ ತಿರುಗಿತು, ಒಳಗೆ ಇನ್ನೂ ಹಸಿ. ಕೋಲ್ಡ್ ಸ್ಟೋರೇಜಿನ ತಣ್ಣಗಿನಲ್ಲಿ ಬಹಳ ದಿನ ಕೂತ ಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗುತ್ತದೆ, ಆ ಸಕ್ಕರೆ ಎಣ್ಣೆಯಲ್ಲಿ ಕಪ್ಪಾಗುತ್ತದೆ. ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡುವವರು ಇದನ್ನು ನೆನಪಿಟ್ಟುಕೊಳ್ಳಿ.

ನಗುಮುಖದ ಆಕಾರದ ಫ್ರೋಜನ್ ಸ್ಮೈಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಹೆಚ್ಚಿದ ಆಲೂಗಡ್ಡೆಯಲ್ಲ, ನುರಿದ ಆಲೂಗಡ್ಡೆಗೆ ಪಿಷ್ಟ ಸೇರಿಸಿ ಅಚ್ಚಿಗೆ ಹಾಕಿದ್ದು. ಹೊರಗೆ ಗರಿ, ಒಳಗೆ ಅಂಟಂಟು. ಮಗಳ ಮಾರ್ಕು ಹತ್ತಕ್ಕೆ ಹತ್ತು, ನನ್ನದು ನಾಲ್ಕು.

ಇಷ್ಟರಲ್ಲಿ ಅತ್ತೆ ತಮ್ಮ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದರು. ಬೇಸಿಗೆಯಲ್ಲಿ ಮಾಡಿಟ್ಟ ಆಲೂಗಡ್ಡೆ ಸಂಡಿಗೆ. ಬಿಲ್ಲೆಗಳಾಗಿ ಹೆಚ್ಚಿ, ಉಪ್ಪು ಮತ್ತು ಚೂರು ಪಟಿಕ ಹಾಕಿದ ನೀರಿನಲ್ಲಿ ಅರೆ ಬೇಯಿಸಿ, ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಮೂರು ದಿನ ಒಣಗಿಸಿದ್ದು. ಡಬ್ಬಿ ಅಲ್ಲಾಡಿಸಿದರೆ ಬಳೆ ಚೂರಿನ ಸದ್ದು. ಕೈಯಲ್ಲಿ ಹಿಡಿದರೆ ಗಾಜಿನ ಹಾಗೆ ಅರೆಪಾರದರ್ಶಕ. ಎಣ್ಣೆಗೆ ಹಾಕಿ ಒಂದು, ಎರಡು ಅನ್ನುವಷ್ಟರಲ್ಲಿ ಬೆಳ್ಳಗೆ ಅರಳಿ ಮೇಲೆ ಬಂತು, ಮೂರು ಅಂದಿದ್ದರೆ ಸೀದುಹೋಗುತ್ತಿತ್ತು. ಹತ್ತು ನಿಮಿಷದ ಪರೀಕ್ಷೆ ಇದಕ್ಕೆ ಲೆಕ್ಕಕ್ಕೇ ಇಲ್ಲ. ಮಾರನೇ ದಿನ ಅನ್ನ ಸಾರಿನ ಜೊತೆಗೂ ಹಾಗೇ ಕರುಂಕುರುಂ.

ಆಗ ನನಗೆ ಹೊಳೆದದ್ದು, ಅತ್ತೆಯೂ ಕಾರ್ಖಾನೆಯೂ ಮಾಡುವುದು ಮೊದಲರ್ಧ ಒಂದೇ ಕೆಲಸ. ಎರಡೂ ಕಡೆ ಅರೆ ಬೇಯಿಸುತ್ತಾರೆ. ಬಣ್ಣ ಕೆಡದಿರಲಿ ಅಂತ ಅವರು ಐಎನ್‌ಎಸ್ 450 ಅನ್ನುವ ಫಾಸ್ಫೇಟ್ ಲವಣ ಹಾಕಿದರೆ ಇವರು ಪಟಿಕ ಹಾಕುತ್ತಾರೆ. ಆಮೇಲೆ ಅವರು ನೀರನ್ನು ಒಳಗೇ ಹೆಪ್ಪುಗಟ್ಟಿಸುತ್ತಾರೆ, ಇವರು ಬಿಸಿಲಿಗೆ ಕೊಟ್ಟು ಕಳಿಸುತ್ತಾರೆ. ಇವರದಕ್ಕೆ ಕರೆಂಟ್ ಹೋದರೂ ಚಿಂತೆಯಿಲ್ಲ. ಆದರೆ ಸಂಡಿಗೆಯಲ್ಲಿ ಆ ಮೆತ್ತನೆಯ ಒಳಭಾಗ ಇಲ್ಲ, ಫ್ರೈಸ್ ಬೇಕು ಅಂತ ಅಳುವ ಮಗುವಿಗೆ ಇದನ್ನು ಕೊಟ್ಟರೆ ಮತ್ತೆ ಅಳುತ್ತದೆ.

ಹಾಟ್ ಚಿಪ್ಸ್ ಅಂಗಡಿಯಿಂದಲೂ ಕಾಲು ಕೆಜಿ ತಂದಿದ್ದೆವು. ತುರಿಮಣೆಯನ್ನು ಬಾಣಲೆಯ ಮೇಲೇ ಹಿಡಿದು ಎಣ್ಣೆಗೆ ಉದುರಿಸುವವನ ಕೈಚಳಕ ನೋಡುವುದಕ್ಕೇ ಅಲ್ಲಿಗೆ ಹೋಗಬೇಕು. ಪರೀಕ್ಷೆಗೆ ಮಾತ್ರ ಅದು ಸಿಗಲಿಲ್ಲ, ಮನೆ ತಲುಪುವಷ್ಟರಲ್ಲಿ ಪೊಟ್ಟಣ ಖಾಲಿ.

ದುಡ್ಡಿನ ಲೆಕ್ಕದಲ್ಲಿ 420 ಗ್ರಾಂ ಫ್ರೋಜನ್ ಪ್ಯಾಕೆಟ್ಟಿಗೆ ಕೊಡುವ ಹಣಕ್ಕೆ ಎರಡು ಮೂರು ಕೆಜಿ ಆಲೂಗಡ್ಡೆ ಬರುತ್ತದೆ. ಆದರೂ ವಾರದ ದಿನ, ಆಫೀಸಿನಿಂದ ಬಂದ ಮೇಲೆ, ನಾನು ಪ್ಯಾಕೆಟ್ಟನ್ನೇ ತೆಗೆಯುತ್ತೇನೆ, ತೆಳು ಕಡ್ಡಿಯದು. ಉಳಿದ ಅರ್ಧ ಚೀಲ ಹಾಸನದ ಗಡ್ಡೆ ದೋಸೆಯ ಪಲ್ಯಕ್ಕೆ, ಬೋಂಡಕ್ಕೆ ಹೋಗುತ್ತಿದೆ. ಫ್ರೈಸಿನಲ್ಲಿ ಸೋಲಿಸಿದ ಆ ಮೆತ್ತಗಿನ ಗುಣ ಬೋಂಡದೊಳಗೆ ಬೆಣ್ಣೆಯ ಹಾಗೆ ಕೂರುತ್ತದೆ. ನಿನ್ನೆ ಹನ್ನೆರಡು ಕರಿದಿದ್ದೆ. ಸ್ಮೈಲಿಗೆ ಹತ್ತು ಮಾರ್ಕು ಕೊಟ್ಟವಳೇ ನಾಲ್ಕು ತಿಂದಳು.