ಸ್ಕೂಲ್ ವ್ಯಾನ್ ಚೆನ್ನಾಗಿದೆ, ಇಳಿಸೋ ಜಾಗ ಸರಿ ಇಲ್ಲ

ಕಲಬುರಗಿಯಲ್ಲಿ ಸೇಡಂ ರಸ್ತೆ ಕಡೆಯ ರಿಂಗ್ ರೋಡ್ ಸುತ್ತಮುತ್ತ ಮನೆ ಇದ್ದು, ಮಕ್ಕಳಿಗೆ ಸ್ಕೂಲ್ ವ್ಯಾನ್ ಹುಡುಕುತ್ತಿರುವವರಿಗೆ ಈ ರಿವ್ಯೂ. ವ್ಯಾನಿನವರ ಹೆಸರು ಹಾಕುತ್ತಿಲ್ಲ. ಯಾಕಂದರೆ ನನ್ನ ದೊಡ್ಡ ದೂರು ಇವರೊಬ್ಬರದ್ದಲ್ಲ, ಈ ಕಡೆ ಓಡುವ ಮುಕ್ಕಾಲು ಪಾಲು ವ್ಯಾನ್‌ಗಳದ್ದು. ಮಗಳು ಮೂರನೇ ಕ್ಲಾಸ್, ಹೋದ ಜೂನ್‌ನಿಂದ ಇದೇ ವ್ಯಾನಲ್ಲಿ ಹೋಗುತ್ತಾಳೆ. ಐದಕ್ಕೆ ಮೂರೂವರೆ ಸ್ಟಾರ್.

ಗಾಡಿ ಹಳದಿ ಬೋರ್ಡ್. ಇದೇನು ದೊಡ್ಡ ವಿಷಯ ಅನ್ನಬೇಡಿ. ಶಾಲೆ ಬಿಡೋ ಹೊತ್ತಿಗೆ ಯಾವುದೇ ಗೇಟಿನ ಮುಂದೆ ನಿಂತು ನಂಬರ್ ಪ್ಲೇಟ್ ನೋಡಿ, ಬಿಳಿ ಬೋರ್ಡಿನ ವ್ಯಾನ್‌ಗಳು ಎಷ್ಟು ಬೇಕಾದರೂ ಸಿಗುತ್ತವೆ. ಬಿಳಿ ಬೋರ್ಡ್ ಅಂದರೆ ಸ್ವಂತ ಬಳಕೆಯ ಗಾಡಿ, ಅದರಲ್ಲಿ ದುಡ್ಡು ತಗೊಂಡು ಮಕ್ಕಳನ್ನು ಒಯ್ಯುವ ಹಾಗಿಲ್ಲ. ನಾಳೆ ಏನಾದರೂ ಆದರೆ ಇನ್ಶೂರೆನ್ಸ್‌ನವರು ಹಿಡಿಯೋದೇ ಅದನ್ನ. ನಾನು ಸೇರಿಸುವಾಗ ಪರ್ಮಿಟ್, ಇನ್ಶೂರೆನ್ಸ್, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಎಲ್ಲ ತೋರಿಸಿ ಅಂದೆ. ಮುಖ ಗಂಟು ಹಾಕದೆ ಪ್ಲಾಸ್ಟಿಕ್ ಕವರಿನಿಂದ ತೆಗೆದು ತೋರಿಸಿದರು. ಮೊದಲು ವಿಚಾರಿಸಿದ್ದ ಇನ್ನೊಬ್ಬರು "ನಂಬಿಕಿ ಇಲ್ಲಂದ್ರ ಬಿಡ್ರಿ" ಅಂದಿದ್ದರು. ಬಿಟ್ಟೆವು.

ಮಕ್ಕಳ ಲೆಕ್ಕವೂ ಸರಿಯಾಗಿದೆ. 12 ವರ್ಷದೊಳಗಿನ ಮಕ್ಕಳಾದರೆ ಸೀಟಿನ ಒಂದೂವರೆ ಪಟ್ಟು ಕೂರಿಸಬಹುದು. ಡ್ರೈವರ್ ಬಿಟ್ಟು ಆರು ಸೀಟು ಇದ್ದರೆ ಒಂಬತ್ತು ಮಕ್ಕಳು. ಇವರದ್ದೂ ಒಂಬತ್ತೇ. ಇವರದೇ ಇನ್ನೊಂದು ವ್ಯಾನ್ ಕೆಟ್ಟ ದಿನ ಮಾತ್ರ ಆ ಮಕ್ಕಳೂ ಇದರೊಳಗೇ ಬಂದು, ಒಬ್ಬರ ತೊಡೆ ಮೇಲೆ ಒಬ್ಬರು. ಒಂದೆರಡು ಸಲ ಹಾಗಾಯಿತು, ಜಗಳ ಆಡಿದ್ದೇವೆ. ಗ್ಯಾಸ್ ಕಿಟ್ ಇಲ್ಲ, ಪೆಟ್ರೋಲ್ ಗಾಡಿ. ಹಿಂದುಗಡೆ ಸಿಲಿಂಡರ್ ಮೇಲೆ ಹಲಗೆ ಹಾಕಿ ಅದರ ಮೇಲೆ ಯುಕೆಜಿ ಮಕ್ಕಳನ್ನು ಕೂರಿಸೋ ವ್ಯಾನ್‌ಗಳನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ, ಆ ತಂದೆತಾಯಿಗೆ ರಾತ್ರಿ ನಿದ್ದೆ ಹೇಗೆ ಬರುತ್ತದೋ.

ಡ್ರೈವರ್‌ಗೆ ಪೂರ್ತಿ ಮಾರ್ಕ್ಸ್. ಮಕ್ಕಳು ಕಾಕಾ ಅಂತಾರೆ. ಗಾಡಿ ಓಡಿಸುವಾಗ ಫೋನ್ ಎತ್ತಲ್ಲ. ಪಟೇಲ್ ಸರ್ಕಲ್‌ನಲ್ಲಿ ಸಿಕ್ಕಿಕೊಂಡರೆ ಗಾಡಿ ನಿಂತಾಗ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕುತ್ತಾರೆ, "ಹತ್ತ್ ನಿಮಿಷ ತಡ ಆಗ್ತದರಿ", ಅಷ್ಟೇ. ಬಲಗಡೆ ಬಾಗಿಲು ಯಾವಾಗಲೂ ಲಾಕ್, ಹತ್ತೋದು ಇಳಿಯೋದು ಎಲ್ಲ ಎಡಗಡೆಯಿಂದ. ಬಾಗಿಲು ತಾವೇ ಎಳೆಯುತ್ತಾರೆ, ಮಕ್ಕಳ ಕೈ ಹಾಕಲು ಬಿಡಲ್ಲ. ಮುಚ್ಚೋ ಮುಂಚೆ "ಕೈ ಮ್ಯಾಲ್" ಅಂತ ಕೂಗುತ್ತಾರೆ, ಒಂಬತ್ತೂ ಮಕ್ಕಳು ಎರಡೂ ಕೈ ಮೇಲೆತ್ತಬೇಕು, ಆಮೇಲೆ ಬಾಗಿಲು ಹಾಕೋದು. ಬೆರಳು ಸಿಕ್ಕುವ ಪ್ರಶ್ನೆಯೇ ಇಲ್ಲ. ನನ್ನ ಮಗಳು ಈಗ ಮನೇಲಿ ಫ್ರಿಜ್ ಬಾಗಿಲು ಹಾಕುವಾಗಲೂ "ಕೈ ಮ್ಯಾಲ್" ಅಂತಾಳೆ.

ಇನ್ನು ಆ ಒಂದೂವರೆ ಸ್ಟಾರ್ ವಿಷಯ.

ಬೆಳಿಗ್ಗೆ ತೊಂದರೆ ಇಲ್ಲ, ವ್ಯಾನ್ ನಮ್ಮ ಕಡೆಗೇ ಬಂದು ನಿಲ್ಲುತ್ತದೆ. ಸಂಜೆ ವಾಪಸ್ ಬರುವಾಗ ರಿಂಗ್ ರೋಡಿನ ಆಚೆ ಕಡೆ ಇರುತ್ತದೆ. ನಮ್ಮ ಕಡೆ ಬರಬೇಕಂದರೆ ತುಂಬಾ ಮುಂದೆ ಹೋಗಿ ಯು ಟರ್ನ್ ಹೊಡೆದು ಬರಬೇಕು. ಅದಕ್ಕೆ ಆಚೆ ಕಡೆಯೇ ಇಳಿಸಿಬಿಡುತ್ತಾರೆ. ಎಂಟು ವರ್ಷದ ಮಗು, ಬೆನ್ನ ಮೇಲೆ ಅದಕ್ಕಿಂತ ಭಾರದ ಬ್ಯಾಗು, ಬೈಕಿನವರು ನುಗ್ಗಲಿಕ್ಕೆ ಒಡೆದಿಟ್ಟ ಡಿವೈಡರ್ ಸಂದಿ, ಆ ಸಂದಿಯಿಂದ ದಾಟಿ ಮನೆಗೆ ಬರಬೇಕು. ಆ ರಸ್ತೆಯಲ್ಲಿ ಓಡೋದು ಸ್ಕೂಟಿ ಅಲ್ಲ. ಸೇಡಂ, ಮಳಖೇಡ, ವಾಡಿ ಕಡೆಯಿಂದ ಬರುವ ಸಿಮೆಂಟ್ ಲಾರಿ, ಬಲ್ಕರ್ ಅನ್ನೋ ದೊಡ್ಡ ಸಿಮೆಂಟ್ ಟ್ಯಾಂಕರ್. ಚಳಿಗಾಲ ಬಂತಂದರೆ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಎರಡೆರಡು ಟ್ರೇಲರ್, ಲೈಟೂ ಇಲ್ಲ ರಿಫ್ಲೆಕ್ಟರೂ ಇಲ್ಲ. ವ್ಯಾನ್ ನಿಂತಿದೆ ಅಂತ ಯಾರೂ ಸ್ಲೋ ಮಾಡಲ್ಲ. ಮಗು ವ್ಯಾನಿನ ಹಿಂದಿನಿಂದ ರಸ್ತೆಗೆ ಬಂದರೆ ಲಾರಿಯವನಿಗೆ ಕಾಣೋದೂ ಇಲ್ಲ.

ಇದನ್ನು ಡ್ರೈವರ್‌ಗೆ ಕೇಳಿದೆ. ಅವರ ಉತ್ತರ ಕೇಳಿ ನಾನೇ ಸುಮ್ಮನಾದೆ. "ಅಕ್ಕಾರ, ನಾ ಇಳ್ದು ಒಂದ್ ಕೂಸಿಗಿ ದಾಟಸ್ಲಾಕ ಹೋದ್ರ ಒಳಗಿನ್ ಹುಡುಗ್ರಿಗಿ ಯಾರ್ ನೋಡ್ತಾರ್ರಿ?" ನಿಜವೇ ಅಲ್ವಾ? ಗಾಡಿಯಲ್ಲಿ ದೊಡ್ಡವರು ಅಂತ ಇರೋದು ಅವರೊಬ್ಬರೇ. ಅವರು ಇಳಿದರೆ ಒಳಗಿರುವ ಮಕ್ಕಳು ಹ್ಯಾಂಡ್‌ಬ್ರೇಕ್ ಹಿಡಿದು ಆಡುತ್ತವೆ. ಯು ಟರ್ನ್ ಹೊಡೆದರೆ ಕೊನೆಯ ಮಗು ಮನೆ ಮುಟ್ಟೋದು ಮತ್ತೂ ತಡ.

ಜೊತೆಗೊಬ್ಬ ಆಯಾ ಇದ್ದಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ. ಸ್ಕೂಲ್ ಬಸ್ಸಿಗೆ ಅಟೆಂಡರ್ ಇರಬೇಕು, ಕಿಟಕಿಗೆ ಅಡ್ಡ ಸರಳು ಇರಬೇಕು, ಬಾಗಿಲಿಗೆ ಗಟ್ಟಿ ಲಾಕ್ ಇರಬೇಕು ಅಂತ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಶಾಲೆಯ ದೊಡ್ಡ ಬಸ್ಸುಗಳಲ್ಲಿ ಆಯಾ ಇರುತ್ತಾರೆ. ಖಾಸಗಿ ವ್ಯಾನ್ ಅಂದ ಕೂಡಲೇ ಆ ಮಾತೇ ಯಾರೂ ಎತ್ತಲ್ಲ. ನಾವು ಗ್ರೂಪಿನಲ್ಲಿ ಎತ್ತಿದೆವು. ಓನರ್ ಲೆಕ್ಕ ಹಾಕಿ ತೋರಿಸಿದರು: ಆಯಾಗೆ ತಿಂಗಳಿಗೆ 3000 ಅಂದರೆ ಒಂದು ಮಗುವಿಗೆ ಸುಮಾರು 330 ರೂಪಾಯಿ ಜಾಸ್ತಿ. ಈಗಿನ ಫೀಸು 1200. ನಾಲ್ಕು ಮನೆಯವರು ಹೂಂ ಅಂದರು, ಉಳಿದವರು ಮೆಸೇಜ್ ನೋಡಿ ಸುಮ್ಮನೆ ಕೂತರು. ಅವರ ಮನೆಗಳು ಸಂಜೆ ವ್ಯಾನ್ ಇಳಿಸೋ ಕಡೆಯೇ ಇವೆ. ಅದೇ ಓನರ್ ಬೇಸಿಗೆ ರಜೆಯಲ್ಲಿ ಗಾಡಿ ಓಡದಿದ್ದರೂ ಮೇ ತಿಂಗಳ ಅರ್ಧ ಫೀಸು ಕೇಳುತ್ತಾರೆ. ಅದನ್ನೇ ಆಯಾಗೆ ಹಾಕಿದರೆ ಆಗಲ್ವಾ ಅಂದೆ, ನಕ್ಕು ಬಿಟ್ಟರು.

ಸದ್ಯಕ್ಕೆ ಮೂರು ಮನೆಯವರು ಪಾಳಿ ಹಾಕಿಕೊಂಡಿದ್ದೇವೆ. ಒಂದು ದಿನ ನಮ್ಮತ್ತೆ, ಒಂದು ದಿನ ಪಕ್ಕದ ಮನೆಯವರು, ಹೀಗೆ ಯಾರಾದರೊಬ್ಬರು ವ್ಯಾನ್ ಬರೋ ಮುಂಚೆ ಆಚೆ ಕಡೆ ಹೋಗಿ ನಿಂತಿರುತ್ತೇವೆ. ದೊಡ್ಡವರು ಕಾಣದಿದ್ದರೆ ಬಾಗಿಲು ತೆಗೆಯಬೇಡಿ, ಫೋನ್ ಮಾಡಿ ಅಂತ ಡ್ರೈವರ್‌ಗೆ ಹೇಳಿದ್ದೇವೆ, ಪಾಪ ಅದನ್ನು ಪಾಲಿಸುತ್ತಾರೆ. ಮಾರ್ಚ್ ಬಿಸಿಲಲ್ಲಿ ಅಲ್ಲಿ ಒಂದು ಗಿಡದ ನೆರಳೂ ಇಲ್ಲ, ನಮ್ಮತ್ತೆಗೆ ಎಪ್ಪತ್ತು ದಾಟಿದೆ.

ಹಾಗಾದರೆ ಬೇರೆ ದಾರಿ ಏನು ಅಂತ ಕೇಳಿದರೆ, ಅಷ್ಟೇನೂ ಇಲ್ಲ. ಟಂಟಂ (ಶೇರ್ ಆಟೋ) ಅಗ್ಗ, ಆದರೆ ಬಾಗಿಲೇ ಇಲ್ಲ, ಬ್ಯಾಗು ಹೊರಗೆ ನೇತಾಡುತ್ತವೆ, ಅಂಚಿಗೆ ಕೂತ ಮಗುವಿನ ಕಾಲೂ ಹೊರಗೆ. ಸಿಟಿ ಬಸ್ಸಿಗೆ ಪಾಸ್ ಸಿಗುತ್ತದೆ, 2023ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಫ್ರೀ ಕೂಡ, ಆದರೆ ಆ ನೂಕುನುಗ್ಗಲಲ್ಲಿ ಮೂರನೇ ಕ್ಲಾಸಿನ ಮಗು ಒಂದೇ ಹತ್ತೋದು ಆಗದ ಮಾತು. ಸ್ಕೂಟಿಯಲ್ಲಿ ನೀವೇ ಬಿಡೋದಾದರೆ ಮಗುವಿಗೂ ಹೆಲ್ಮೆಟ್ ಹಾಕಿ, ನಾಲ್ಕು ವರ್ಷ ದಾಟಿದವರಿಗೆ ಅದು ಕಡ್ಡಾಯ. ಮತ್ತೆ ಒಂಬತ್ತನೇ ಕ್ಲಾಸಿನ ಅಣ್ಣನ ಕೈಗೆ ಸ್ಕೂಟಿ ಕೊಟ್ಟು ತಂಗಿಯನ್ನು ಹಿಂದೆ ಕೂರಿಸಿ ಕಳಿಸೋರು ನಮ್ಮಲ್ಲಿ ಕಡಿಮೆ ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಅದಕ್ಕೆ ದಂಡ 25,000 ರೂಪಾಯಿ, ಅಪ್ಪನಿಗೆ ಮೂರು ವರ್ಷದವರೆಗೆ ಜೈಲೂ ಆಗಬಹುದು.

ಸೀಟು ಬೇಕಿದ್ದವರು ಮೇ ಮುಗಿಯೋದರೊಳಗೆ ಮಾತಾಡಿ, ಶಾಲೆ ಶುರುವಾದ ಮೇಲೆ ಸಿಗಲ್ಲ. ಸಂಜೆ ವ್ಯಾನ್ ಇಳಿಸೋ ಕಡೆಯೇ ಮನೆ ಇದ್ದರೆ ಯೋಚನೆ ಮಾಡದೆ ಸೇರಿಸಿ. ನಮ್ಮ ಹಾಗೆ ರಸ್ತೆ ದಾಟಬೇಕಾದವರಾಗಿದ್ದು, ಸಂಜೆ ನಾಲ್ಕಕ್ಕೆ ಮನೇಲಿ ದೊಡ್ಡವರು ಯಾರೂ ಇರಲ್ಲ ಅಂದರೆ, ಇವರು ಆಯಾ ಇಡೋವರೆಗೆ ಬೇಡ.