ಬಾಕಿ ವಸೂಲಿಗೆ ಫೆಸಿಲಿಟೇಶನ್ ಕೌನ್ಸಿಲ್: ಕಾನೂನು ಗಟ್ಟಿ, ಕೆಲಸ ನಿಧಾನ

2006ರ ಎಂಎಸ್‌ಎಂಇಡಿ (ಕಿರು, ಸಣ್ಣ, ಮಧ್ಯಮ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆಯಲ್ಲಿ ಸಣ್ಣ ಉದ್ದಿಮೆಗಳಿಗೆ ಬಲ ಕೊಡುವ ಭಾಗವೆಂದರೆ ಖರೀದಿದಾರರಿಂದ ಬಾಕಿ ವಸೂಲಿಯ ಏರ್ಪಾಡು. ಲಿಖಿತ ಒಪ್ಪಂದವಿದ್ದರೂ ಪಾವತಿ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ.

ಬಾಕಿ ತಕರಾರು ಕೇಳಿ ಆದೇಶ ಕೊಡುವುದು ಫೆಸಿಲಿಟೇಶನ್ ಕೌನ್ಸಿಲ್. ಅದಕ್ಕೆ ಅರ್ಜಿ ಆನ್‌ಲೈನ್. ಉದ್ಯಮ್ ನಂಬರ್ (ಸರ್ಕಾರದಲ್ಲಿ ಉದ್ದಿಮೆಯ ನೋಂದಣಿ ಸಂಖ್ಯೆ), ಪರ್ಚೇಸ್ ಆರ್ಡರ್, ಇನ್‌ವಾಯ್ಸ್ ಜೋಡಿಸಬೇಕು. ಬಹಳ ಜನ ಎಡವುವುದು ಡೆಲಿವರಿ ಚಲನ್‌ನಲ್ಲಿ: ಮಾಲು ಮುಟ್ಟಿದ ತಾರೀಖು, ಸೀಲು, ಸಹಿ ಇಲ್ಲದಿದ್ದರೆ ದಿನ ಎಣಿಸುವುದೇ ತಕರಾರಾಗುತ್ತದೆ. ಉದ್ಯಮ್ ನೋಂದಣಿಗೆ ಮುಂಚಿನ ಬಿಲ್ಲಾದರಂತೂ ಎದುರು ವಕೀಲರು ಮೊದಲು ಹಿಡಿಯುವುದು ಅದನ್ನೇ.

ಕೌನ್ಸಿಲ್ ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಖರೀದಿದಾರ ಮೊತ್ತದ ಶೇ. 75 ಠೇವಣಿ ಇಡಬೇಕು. ಒಳ್ಳೆಯ ಏರ್ಪಾಡು. ಆದರೆ 90 ದಿನದೊಳಗೆ ಇತ್ಯರ್ಥ ಎಂಬುದು ಹೆಚ್ಚಾಗಿ ಕಾಗದದ ಮಾತು. ಸರ್ಕಾರ ಕೌನ್ಸಿಲ್‌ಗೆ ಪೂರ್ಣಾವಧಿ ಸದಸ್ಯರನ್ನು ಕೊಡಲಿ. ಹೊಸ ಯೋಜನೆಯ ಘೋಷಣೆ ಆಮೇಲಿರಲಿ.