‘ಸರ್ಕಾರ ಇನ್ನಷ್ಟು ಮಾಡಬೇಕು’ ಎಂದ ಶೇ 78 ಮಂದಿ: ಹವಾಮಾನ ಸಮೀಕ್ಷೆಯೊಂದನ್ನು ಮಂಡ್ಯದಿಂದ ಓದಿದಾಗ

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹವಾಮಾನ ಸಂವಹನ ಅಧ್ಯಯನ ತಂಡವು ಜನಾಭಿಪ್ರಾಯ ಸಮೀಕ್ಷೆ ನಡೆಸುವ ನಮ್ಮ ದೇಶದ ಸಿವೋಟರ್ ಸಂಸ್ಥೆಯೊಡನೆ ಸೇರಿ, ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ಭಾರತೀಯರ ಅಭಿಪ್ರಾಯವನ್ನು ಕೆಲವು ವರ್ಷಗಳಿಂದ ಸಂಗ್ರಹಿಸುತ್ತಿದೆ. ಅದರ ವರದಿಗಳನ್ನು ಯಾರು ಬೇಕಾದರೂ ಅಂತರ್ಜಾಲದಿಂದ ಹಣ ಕೊಡದೆ ಇಳಿಸಿಕೊಂಡು ಓದಬಹುದು. ಪತ್ರಿಕೆಗಳಲ್ಲಿ, ವಿಚಾರ ಸಂಕಿರಣಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೇಂದ್ರಗಳಲ್ಲಿ ಇದರ ಅಂಕಿಗಳು ಆಗಾಗ ಕೇಳಿಬರುವುದರಿಂದ, ಇದನ್ನು ಒಂದು ಸೇವೆಯೆಂದೇ ಭಾವಿಸಿ, ಮಂಡ್ಯ ಮತ್ತು ಮೈಸೂರು ಭಾಗದ ಓದುಗನಿಗೆ ಇದರಿಂದ ಎಷ್ಟು ಉಪಯೋಗವಿದೆ ಎಂಬುದನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ. ಐದು ನಕ್ಷತ್ರಗಳಲ್ಲಿ ನಾನು ಇದಕ್ಕೆ ಮೂರೂವರೆ ಕೊಡುತ್ತೇನೆ. ಕಡಿತವಾದ ಒಂದೂವರೆಯಲ್ಲಿ ಹೆಚ್ಚಿನ ಪಾಲು ಸಮೀಕ್ಷೆಯ ದೋಷಕ್ಕಲ್ಲ. ಅದರ ಅಂಕಿಗಳು ಹೇಳದ ಮಾತನ್ನು ಅವುಗಳ ಬಾಯಲ್ಲಿ ಹೇಳಿಸಲು ವರದಿಯ ತಲೆಬರಹಗಳು ಸುಲಭವಾಗಿ ಅವಕಾಶ ಕೊಡುತ್ತವೆ ಎಂಬುದಕ್ಕೆ.

2023ರ ವರದಿಯನ್ನೇ ತೆಗೆದುಕೊಳ್ಳೋಣ. ಆ ವರ್ಷದ ಸೆಪ್ಟೆಂಬರ್ 5ರಿಂದ ನವೆಂಬರ್ 1ರವರೆಗೆ 2,178 ವಯಸ್ಕರನ್ನು ಸಂದರ್ಶಿಸಲಾಯಿತು. ಶೇ 91ರಷ್ಟು ಮಂದಿ ತಾಪಮಾನ ಏರಿಕೆಯಿಂದ ಚಿಂತಿತರಾಗಿದ್ದಾರೆ, ಒಟ್ಟು ಜನರಲ್ಲಿ ಶೇ 59ರಷ್ಟು ಮಂದಿ ‘ಬಹಳ ಚಿಂತಿತರು’, ಭಾರತ ಸರ್ಕಾರವು ಇನ್ನಷ್ಟು ಅಥವಾ ಬಹಳಷ್ಟು ಹೆಚ್ಚು ಕ್ರಮ ಕೈಗೊಳ್ಳಬೇಕು ಎನ್ನುವವರು ಶೇ 78 ಎಂದು ವರದಿ ಹೇಳುತ್ತದೆ. ಈ ದಿನಾಂಕಗಳನ್ನು ಕಂಡೊಡನೆ ಮಂಡ್ಯದವರಿಗೆ ಬೇರೆಯದೇ ಸಂಗತಿ ನೆನಪಾಗುತ್ತದೆ. ಆ ವರ್ಷದ ಆಗಸ್ಟ್ ತಿಂಗಳು, 1901ರಿಂದ ದಾಖಲೆಯಿರುವ ಎಲ್ಲ ಆಗಸ್ಟ್‌ಗಳಲ್ಲಿ ದೇಶಕ್ಕೆ ಅತಿ ಕಡಿಮೆ ಮಳೆ ಬಿದ್ದ ತಿಂಗಳಾಗಿತ್ತು. 124.80 ಅಡಿಯ ಕೃಷ್ಣರಾಜಸಾಗರ ಆ ಮುಂಗಾರಿನಲ್ಲಿ ತುಂಬಲೇ ಇಲ್ಲ. ತಮಿಳುನಾಡಿಗೆ ನೀರು ಬಿಡುವುದನ್ನು ವಿರೋಧಿಸಿ ಸೆಪ್ಟೆಂಬರ್ 23ರಂದು ಮಂಡ್ಯ ಬಂದ್ ಆಯಿತು, 29ರಂದು ಕರ್ನಾಟಕ ಬಂದ್ ಆಯಿತು. ಸಮೀಕ್ಷೆಯ ದೂರವಾಣಿ ಕರೆಗಳು ನಡೆಯುತ್ತಿದ್ದುದು ಇದೇ ದಿನಗಳಲ್ಲಿ. ಬರದ ನಡುವೆ ಕೇಳಿದ ಪ್ರಶ್ನೆಗೆ ಬಂದ ಉತ್ತರ ಸುಳ್ಳಾಗುವುದಿಲ್ಲ, ಆದರೆ ಅದು ಒಂದು ಕಾಲಘಟ್ಟದ ಉತ್ತರ. ಕಣಿವೆಯ ಅಣೆಕಟ್ಟುಗಳು ತುಂಬಿ ಹೊರಹರಿವು ಹೆಚ್ಚಿದ 2024ರ ಜುಲೈ ಕೊನೆಯಲ್ಲಿ ಇದೇ ಪ್ರಶ್ನೆ ಕೇಳಿದ್ದರೆ ಇದೇ ಅಂಕಿ ಬರುತ್ತಿತ್ತು ಎಂದು ಊಹಿಸಿಕೊಳ್ಳಲು ಆಧಾರವಿಲ್ಲ. ವರದಿಯು ದಿನಾಂಕವನ್ನು ಸ್ಪಷ್ಟವಾಗಿಯೇ ಮುದ್ರಿಸಿದೆ. ಅದನ್ನು ಉಲ್ಲೇಖಿಸುವವರು ಬಿಟ್ಟುಬಿಡುತ್ತಾರೆ.

ಇನ್ನು ಆ ಶೇ 78ರ ಪ್ರಶ್ನೆಯನ್ನೇ ಸರಿಯಾಗಿ ಓದಬೇಕು. ಭಾರತ ಸರ್ಕಾರವು ಈ ವಿಷಯದಲ್ಲಿ ಬಹಳ ಹೆಚ್ಚು ಮಾಡಬೇಕೆ, ಇನ್ನಷ್ಟು ಮಾಡಬೇಕೆ, ಈಗ ಮಾಡುತ್ತಿರುವುದು ಸಾಕೆ, ಕಡಿಮೆ ಮಾಡಬೇಕೆ, ಬಹಳ ಕಡಿಮೆ ಮಾಡಬೇಕೆ ಎಂಬುದು ಅದರ ಸ್ವರೂಪ. ಇಲ್ಲಿ ಏನು ಮಾಡಬೇಕು ಎಂಬುದಿಲ್ಲ, ಯಾರ ಹಣದಿಂದ ಎಂಬುದಿಲ್ಲ, ಬೇರೆ ಯಾವ ಕೆಲಸವನ್ನು ಹಿಂದಕ್ಕೆ ತಳ್ಳಿ ಎಂಬುದೂ ಇಲ್ಲ. ಮದ್ದೂರಿನ ಕಬ್ಬು ಬೆಳೆಗಾರನ ಮಟ್ಟಿಗೆ ಸರ್ಕಾರವೆಂದರೆ ಒಂದೇ ಅಲ್ಲ: ನಾಲೆಗೆ ನೀರು ಬಿಡುವುದು ಕಾವೇರಿ ನೀರಾವರಿ ನಿಗಮ, ಪಂಪ್‌ಸೆಟ್‌ಗೆ ವಿದ್ಯುತ್ ಕೊಡುವುದು ಸೆಸ್ಕ್, ಬರ ಪರಿಹಾರ ಘೋಷಿಸುವುದು ರಾಜ್ಯ, ಅದಕ್ಕೆ ಹಣ ಕೇಳಬೇಕಾದದ್ದು ಕೇಂದ್ರ, ತಮಿಳುನಾಡಿನೊಡನೆ ನೀರಿನ ಲೆಕ್ಕ ತೀರ್ಮಾನಿಸುವುದು ದೆಹಲಿಯ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ. ಇವರಲ್ಲಿ ಯಾರ ಮೇಲೆ ಸಿಟ್ಟಿದ್ದರೂ, ಫೋನಿನಲ್ಲಿ ಕೇಳಿದ ‘ಸರ್ಕಾರ ಇನ್ನಷ್ಟು ಮಾಡಬೇಕೇ’ ಎಂಬ ಪ್ರಶ್ನೆಗೆ ‘ಹೌದು, ಮಾಡಬೇಕು’ ಎಂಬ ಒಂದೇ ಉತ್ತರ ಹೊರಬರುತ್ತದೆ. ಆದ್ದರಿಂದ ಈ ಅಂಕಿಯನ್ನು ಜನರು ಯಾವುದೋ ನಿರ್ದಿಷ್ಟ ನೀತಿಯನ್ನು ಬೆಂಬಲಿಸಿದ್ದಾರೆ ಎಂಬುದಕ್ಕೆ ಸಾಕ್ಷಿಯಾಗಿ ಬಳಸುವುದು ಸಲ್ಲದು. ಸರ್ಕಾರ ಸುಮ್ಮನಿರಲಿ ಎಂದು ಬಯಸುವವರು ಕಡಿಮೆ ಎಂಬುದಕ್ಕೆ ಮಾತ್ರ ಇದು ಗಟ್ಟಿಯಾದ ಸಾಕ್ಷಿ.

ಪ್ರಶ್ನೆಗಳ ಅನುಕ್ರಮವೂ ಗಮನಾರ್ಹ. 2021ರ ಅಕ್ಟೋಬರ್‌ನಿಂದ 2022ರ ಜನವರಿಯವರೆಗೆ 4,619 ಜನರಲ್ಲಿ ನಡೆಸಿದ ಸುತ್ತಿನಲ್ಲಿ, ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ಸ್ವಲ್ಪವೇ ತಿಳಿದಿದೆ ಅಥವಾ ಕೇಳಿಯೇ ಇಲ್ಲ ಎಂದವರು ಶೇ 54. ಆಮೇಲೆ ಸಂದರ್ಶಕರು ಒಂದೆರಡು ವಾಕ್ಯಗಳ ವಿವರಣೆ ಓದಿ ಹೇಳಿ, ಹೀಗೆ ಆಗುತ್ತಿದೆಯೇ ಎಂದು ಕೇಳಿದಾಗ ಶೇ 84 ಮಂದಿ ಹೌದೆಂದರು. ಇದನ್ನು ಮೋಸವೆನ್ನಲಾಗದು, ಕೇಳಿಯೇ ಇಲ್ಲದ ವಿಷಯದ ಮೇಲೆ ಅಭಿಪ್ರಾಯ ಕೇಳಬೇಕಾದರೆ ವಿವರಿಸುವುದು ಅನಿವಾರ್ಯ, ಮತ್ತು ವರದಿ ಇದನ್ನು ಮುಚ್ಚಿಡುವುದಿಲ್ಲ. ಆದರೆ ವಿವರಿಸಿದವರಿಗೆ ‘ಇಲ್ಲ’ ಎನ್ನಲು ಸಂಕೋಚಪಡುವ ನಮ್ಮ ಮರ್ಯಾದಸ್ಥ ಗುಣವನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಆ ಕರೆಗಿಂತ ಮೊದಲೇ ಜನರ ಮನಸ್ಸಿನಲ್ಲಿ ಬೇರೂರಿದ್ದ ನಂಬಿಕೆಯೇ ಈ 84 ಎಂದು ಬರೆಯುವುದು ತಪ್ಪು. ಪಕ್ಕದಲ್ಲೇ ಇರುವ 54ನ್ನು ಕೈಬಿಟ್ಟು 84ನ್ನು ಮಾತ್ರ ಉಲ್ಲೇಖಿಸುವ ಲೇಖನವನ್ನು ನಾನಂತೂ ಅನುಮಾನದಿಂದಲೇ ಓದುತ್ತೇನೆ.

ನಮ್ಮ ಭಾಗದ ಓದುಗನು ಕಾಗದ, ಪೆನ್ಸಿಲ್ ಹಿಡಿದು ಮಾಡಲೇಬೇಕಾದ ಒಂದು ಲೆಕ್ಕವಿದೆ. 2011ರ ಜನಗಣತಿಯಂತೆ ದೇಶದ ಜನಸಂಖ್ಯೆ ಸುಮಾರು 121 ಕೋಟಿ, ಕರ್ನಾಟಕದ್ದು 6.11 ಕೋಟಿ, ಮೈಸೂರು ಜಿಲ್ಲೆಯದ್ದು ಸುಮಾರು 30 ಲಕ್ಷ, ಮಂಡ್ಯದ್ದು 18 ಲಕ್ಷ. 2,178 ಜನರ ಮಾದರಿಯನ್ನು ಜನಸಂಖ್ಯೆಗೆ ಅನುಗುಣವಾಗಿ ಹಂಚಿದರೆ ಕರ್ನಾಟಕದ ಪಾಲಿಗೆ ಸುಮಾರು 110 ಜನ ಬರುತ್ತಾರೆ. ಮೈಸೂರು ಜಿಲ್ಲೆಯ ಪಾಲು ಐದು. ಮಂಡ್ಯದ ಪಾಲು ಮೂರು. ಇಡೀ ದೇಶದ ಅಂಕಿಗೆ ವರದಿ ಕೊಡುವ ಅಂದಾಜಿನ ದೋಷ ಎರಡೂ ಕಡೆ ಶೇ 2.1, ಆದರೆ 110 ಜನರ ಮೇಲೆ ನಿಂತ ಅಂಕಿಯ ದೋಷ ಎರಡೂ ಕಡೆ ಶೇ 9ಕ್ಕಿಂತ ಹೆಚ್ಚಾಗುತ್ತದೆ, ಮೂರು ಜನರ ವಿಚಾರದಲ್ಲಿ ಲೆಕ್ಕ ಹಾಕುವುದೇ ವ್ಯರ್ಥ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿ ನೋಡಿದರೆ ಸಾಕು ಎಂಬ ಮಾತು ಸಮೀಕ್ಷೆಗೂ ಒಪ್ಪುತ್ತದೆ. ಆದರೆ ದೇಶವೆಂಬ ಒಂದು ಪಾತ್ರೆಯ ಅಗುಳನ್ನು ಹಿಸುಕಿ ಪಕ್ಕದ ಒಲೆಯ ಪಾತ್ರೆಯ ಹದವನ್ನು ಹೇಳಲಾಗದು.

ಈ ಕೊರತೆಯನ್ನು ತುಂಬಲೆಂದು ಯೇಲ್ ತಂಡವು ಜಿಲ್ಲಾ ಮಟ್ಟದ ಅಂದಾಜು ನಕಾಶೆಗಳನ್ನೂ ಕೊಡುತ್ತದೆ. ಹಲವು ಸುತ್ತುಗಳ ದತ್ತಾಂಶವನ್ನು ಒಟ್ಟುಗೂಡಿಸಿ, ವಯಸ್ಸು, ಲಿಂಗ, ವಿದ್ಯಾಭ್ಯಾಸ, ಊರಿನ ಸ್ವರೂಪಗಳಂಥ ಗುಣಗಳಿಗೂ ಅಭಿಪ್ರಾಯಕ್ಕೂ ಇರುವ ಸಂಬಂಧವನ್ನು ಸಂಖ್ಯಾಶಾಸ್ತ್ರದ ಮಾದರಿಯಿಂದ ಕಂಡುಕೊಂಡು, ಆ ಸಂಬಂಧವನ್ನು ಪ್ರತಿ ಜಿಲ್ಲೆಯ ಜನಸಂಖ್ಯೆಯ ರಚನೆಗೆ ಅನ್ವಯಿಸುವುದು ಇಂಥ ನಕಾಶೆಗಳ ವಿಧಾನ. ಅಮೆರಿಕದ ಕೌಂಟಿಗಳಿಗೆ, ಅಂದರೆ ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳಿಗೆ, ಇದೇ ತಂಡ 2015ರಲ್ಲಿ ಪ್ರಕಟಿಸಿದ ಕೆಲಸ ವಿದ್ವತ್ ವಲಯದಲ್ಲಿ ಮನ್ನಣೆ ಪಡೆದಿದೆ. ನಕಾಶೆಯಲ್ಲಿ ಮಂಡ್ಯದ ಮೇಲೆ ಕಾಣುವ ಅಂಕಿಯು ಮಂಡ್ಯದವರನ್ನು ಕೇಳಿ ಪಡೆದದ್ದಲ್ಲ, ಮಂಡ್ಯದವರಂಥವರು ಹೀಗೆ ಹೇಳಬಹುದು ಎಂಬ ಲೆಕ್ಕಾಚಾರ. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಶ್ರೀರಂಗಪಟ್ಟಣ, ಮದ್ದೂರಿನ ಗದ್ದೆ ಬಯಲಿಗೂ ಮಳೆಯನ್ನೇ ನಂಬಿದ ನಾಗಮಂಗಲದ ಹೊಲಗಳಿಗೂ ಇರುವ ಅಂತರ, ಜಿಲ್ಲೆಗೊಂದೇ ಬಣ್ಣ ಬಳಿಯುವ ಯಾವ ನಕಾಶೆಯಲ್ಲಿಯೂ ಕಾಣದು. ನೋಡಲು ನಕಾಶೆ ಚೆಂದವಾಗಿದೆ. ಆ ಚೆಂದವೇ ಅದರ ಅಪಾಯ ಕೂಡ.

ದೂರವಾಣಿ ಸಂದರ್ಶನದ ಮಿತಿಯನ್ನು ಬಹಳ ಹೇಳಬೇಕಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ದೇಶದಲ್ಲಿ ಸುಮಾರು ಶೇ 54 ಮಾತ್ರ. ಕಡಿಮೆ ಸಂಖ್ಯೆಯಲ್ಲಿ ಸಿಕ್ಕವರ ಉತ್ತರಗಳಿಗೆ ಹೆಚ್ಚು ತೂಕ ಕೊಟ್ಟು ಲಿಂಗಾನುಪಾತ ಸರಿಪಡಿಸಬಹುದು, ಆದರೆ ಫೋನ್ ಇರುವ ಮಹಿಳೆ ಫೋನ್ ಇಲ್ಲದ ಮಹಿಳೆಯ ಪರವಾಗಿ ಎಷ್ಟರಮಟ್ಟಿಗೆ ಮಾತನಾಡಬಲ್ಲಳು ಎಂಬುದು ತೂಕದಿಂದ ತೀರುವ ಪ್ರಶ್ನೆಯಲ್ಲ. ಇದೇ ಸರಣಿಯ ಮೊದಲ ಸಮೀಕ್ಷೆ 2011ರಲ್ಲಿ ಮುಖಾಮುಖಿ ಸಂದರ್ಶನದಿಂದ ನಡೆದದ್ದರಿಂದ, ಅಂದಿನ ಅಂಕಿಗಳನ್ನು ಇಂದಿನವುಗಳ ಪಕ್ಕದಲ್ಲಿಟ್ಟು ‘ಜಾಗೃತಿ ಇಷ್ಟು ಹೆಚ್ಚಿತು’ ಎಂದು ಘೋಷಿಸುವಾಗಲೂ ಸ್ವಲ್ಪ ತಡೆಯಬೇಕು. ಸರ್ಕಾರ ಇನ್ನಷ್ಟು ಮಾಡಬೇಕೆಂಬ ಪಾಲು 2021–22ರ ಸುತ್ತಿನಲ್ಲಿ ಶೇ 64 ಇದ್ದದ್ದು 2023ರಲ್ಲಿ 78 ಆಯಿತು. ಇಷ್ಟು ದೊಡ್ಡ ಏರಿಕೆ ಮಾದರಿಯ ದೋಷದಿಂದ ಮಾತ್ರ ಬರಲಾರದು, ಏರಿಕೆ ನಿಜವೆಂದೇ ನನ್ನ ಎಣಿಕೆ. ಎರಡು ಬಿಂದುಗಳಿಂದ ದಾರಿಯನ್ನು ಎಳೆಯುವ ಆತುರ ಬೇಡ ಎಂದಷ್ಟೇ ಹೇಳುತ್ತೇನೆ.

ವರದಿಯ ಅತ್ಯಂತ ಬೆಲೆಯುಳ್ಳ ಭಾಗವೆಂದರೆ ನೀತಿಗಳ ಪಟ್ಟಿ, ವಿಪರ್ಯಾಸವೆಂದರೆ ಅದನ್ನು ಉಲ್ಲೇಖಿಸುವವರು ಕಡಿಮೆ. 2021–22ರ ಸುತ್ತಿನಲ್ಲಿ ತಾಪಮಾನ ಏರಿಕೆಯ ಬಗ್ಗೆ ಜನರಿಗೆಲ್ಲ ತಿಳಿವಳಿಕೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಶೇ 80ಕ್ಕೂ ಹೆಚ್ಚು ಜನರ ಒಪ್ಪಿಗೆಯಿತ್ತು. ಕೃಷಿಗೋ ಮನೆಗೋ ಸಿಗುವ ಜಮೀನು ಕಡಿಮೆಯಾದರೂ ಸರಿ ಅರಣ್ಯ ಉಳಿಸಬೇಕು, ಬೆಳೆಸಬೇಕು ಎಂಬ ಪ್ರಶ್ನೆಗೆ ಒಪ್ಪಿಗೆ ಶೇ 70ರ ಆಸುಪಾಸಿಗೆ ಇಳಿಯಿತು. ಕಾರಿನ ಬೆಲೆ, ಬಸ್ ದರ ಏರಿದರೂ ಸರಿ ಇಂಧನ ಉಳಿಸುವ ವಾಹನಗಳನ್ನೇ ಕಡ್ಡಾಯ ಮಾಡಬೇಕು ಎಂದಾಗ ಹೆಚ್ಚೂಕಡಿಮೆ ಮೂರರಲ್ಲಿ ಎರಡು ಪಾಲಾಯಿತು. ಪ್ರಶ್ನೆಯಲ್ಲಿ ಖರ್ಚಿನ ಮಾತು ಸೇರಿದಂತೆ ಬೆಂಬಲ ಕುಗ್ಗುತ್ತದೆ, ಆದರೂ ಬಹುಮತ ಉಳಿಯುತ್ತದೆ ಎಂಬುದು ‘ಶೇ 78’ಕ್ಕಿಂತ ಎಷ್ಟೋ ಉಪಯುಕ್ತ ಸಂಗತಿ. 2023ರಲ್ಲಿ, ಹೊಸ ಕಲ್ಲಿದ್ದಲು ಸ್ಥಾವರಗಳನ್ನು ನಿಷೇಧಿಸಿ, ಇರುವವನ್ನು ಮುಚ್ಚಿ, ಅವುಗಳ ಜಾಗದಲ್ಲಿ ಸೌರ ಮತ್ತು ಪವನ ವಿದ್ಯುತ್ತನ್ನು ತರುವುದಕ್ಕೆ ಶೇ 84 ಮಂದಿ ಒಪ್ಪಿದ್ದಾರೆ ಎಂಬುದನ್ನು ಈ ಬೆಳಕಿನಲ್ಲಿಯೇ ನೋಡಬೇಕು: ಬದಲಿ ವ್ಯವಸ್ಥೆ ಸಿದ್ಧವಾಗಿ ಬರುತ್ತದೆ ಎಂಬ ಭರವಸೆ ಆ ಪ್ರಶ್ನೆಯೊಳಗೇ ಅಡಗಿದೆ.

ಬೇರೆ ಸಮೀಕ್ಷೆಗಳ ಜೊತೆ ಹೋಲಿಸಿದರೆ ಈ ಸರಣಿ ಹಿಂದೆ ಬೀಳುವುದಿಲ್ಲ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 2024ರಲ್ಲಿ 77 ದೇಶಗಳ 73,000ಕ್ಕೂ ಹೆಚ್ಚು ಜನರನ್ನು ಕೇಳಿ, ಶೇ 80 ಮಂದಿ ತಮ್ಮ ಸರ್ಕಾರಗಳಿಂದ ಗಟ್ಟಿಯಾದ ಕ್ರಮ ಬಯಸುತ್ತಾರೆ ಎಂದಿತು. ಅದು ವ್ಯಾಪಕ, ಆದರೆ ಒಂದೊಂದು ದೇಶದ ಪಾಲಿಗೆ ಸಿಗುವುದು ಸಾವಿರದ ಆಸುಪಾಸು ಮಾದರಿ. ಅದೇ ವರ್ಷ ‘ನೇಚರ್ ಕ್ಲೈಮೇಟ್ ಚೇಂಜ್’ ಪತ್ರಿಕೆಯಲ್ಲಿ ಪ್ರಕಟವಾದ 125 ದೇಶಗಳ ಅಧ್ಯಯನದಲ್ಲಿ ಶೇ 89 ಮಂದಿ ಸರ್ಕಾರಗಳು ಹೆಚ್ಚು ಮಾಡಬೇಕೆಂದರೆ, ತಿಂಗಳ ವರಮಾನದ ಶೇ 1ರಷ್ಟನ್ನು ತಾವೇ ಕೊಡಲು ಒಪ್ಪಿದವರು ಶೇ 69. ತಮ್ಮ ದೇಶದಲ್ಲಿ ಹೀಗೆ ಕೊಡಬಲ್ಲವರು ಎಷ್ಟಿರಬಹುದು ಎಂದು ಅವರನ್ನೇ ಊಹಿಸಲು ಹೇಳಿದಾಗ ಸರಾಸರಿ ಉತ್ತರ ಶೇ 43 ಬಂತು. ನನಗೆ ಕಾಳಜಿಯಿದೆ, ಪಕ್ಕದ ಮನೆಯವರಿಗಿಲ್ಲ ಎಂಬ ಈ ಭಾವನೆಯನ್ನು ಅಳೆದದ್ದೇ ಆ ಅಧ್ಯಯನದ ಹೆಚ್ಚುಗಾರಿಕೆ.

ಬಳಕೆಯ ಅನುಕೂಲದ ಬಗ್ಗೆ ಎರಡು ಮಾತು. ನಾನು ಓದಿದ ವರದಿಗಳು ಇಂಗ್ಲಿಷಿನವು. ಚಿತ್ರಪಟಗಳು ಸ್ಪಷ್ಟವಾಗಿವೆ, ಪ್ರತಿ ಪಟದ ಕೆಳಗೆ ಪ್ರಶ್ನೆಯ ಪೂರ್ಣ ಪಾಠವಿರುವುದು ಮೆಚ್ಚಬೇಕಾದ ಪ್ರಾಮಾಣಿಕತೆ. ಮಾನಸಗಂಗೋತ್ರಿಯ ಪತ್ರಿಕೋದ್ಯಮ ಅಥವಾ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗೆ ಇದು ಬೆಲೆಯಿಲ್ಲದೆ ಸಿಗುವ ಒಳ್ಳೆಯ ಅಭ್ಯಾಸ ಸಾಮಗ್ರಿ. ಗ್ರಾಮ ಪಂಚಾಯಿತಿ ಸದಸ್ಯರೋ ರೈತ ಸಂಘದವರೋ ತಮ್ಮೂರಿನ ಜನಾಭಿಪ್ರಾಯ ತಿಳಿಯಲು ಇದನ್ನು ಹುಡುಕಿದರೆ ನಿರಾಶರಾಗುತ್ತಾರೆ. ಅವರಿಗೆ ಗ್ರಾಮಸಭೆಯ ನಡಾವಳಿಯೇ ಹೆಚ್ಚು ತಿಳಿಸುತ್ತದೆ.

ಮುಂದಿನ ಸುತ್ತುಗಳಲ್ಲಿ ಕೇಂದ್ರ, ರಾಜ್ಯ, ಸ್ಥಳೀಯ ಸಂಸ್ಥೆ ಎಂದು ಸರ್ಕಾರವನ್ನು ಬಿಡಿಸಿ ಕೇಳಿದರೆ ಉಳಿದ ನಕ್ಷತ್ರಗಳಲ್ಲಿ ಒಂದನ್ನು ಸಂತೋಷದಿಂದ ಸೇರಿಸುತ್ತೇನೆ. ಪ್ರಶ್ನೆಗಳು ಬದುಕಿಗೆ ಹತ್ತಿರವೂ ಆಗಬೇಕು. ಉದಾಹರಣೆಗೆ, 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಪಡೆಯುವ ನಮ್ಮ ರೈತರಿಗೆ, ಹಗಲಿನಲ್ಲಿ ಮಾತ್ರ ಸೌರ ವಿದ್ಯುತ್ ಕೊಟ್ಟು ರಾತ್ರಿಯ ಪಾಳಿಯನ್ನು ನಿಲ್ಲಿಸಿದರೆ ಒಪ್ಪುವಿರಾ, ಸೌರಫಲಕದ ವೆಚ್ಚದಲ್ಲಿ ನಿಮ್ಮ ಪಾಲು ಇಷ್ಟೆಂದರೂ ಒಪ್ಪುವಿರಾ ಎಂದು ಒಂದರ ಹಿಂದೊಂದು ಕೇಳಲಿ.